ಮನೆಯೊಳಗಿದ್ದೇ ಅಲ್ಮಾಟಿಗೆ ಹೋಗಿಬಂದ ಡಾಕ್ಟರು

ಹಲ್ಲಿನ ಡಾಕ್ಟರು ಕಾನಗತ್ ಅಲ್ಮಾಟಿಯಂಥ ಮಹಾನಗರವನ್ನು ಬಿಟ್ಟು ಝಾರ್ಕೆಂಟಿಗೆ ಬಂದದ್ದು ಒಂದು ಘನವಾದ ಪ್ರತಿಜ್ಞೆ ಮಾಡಿಕೊಂಡು. ಇನ್ನು ಮೇಲೆ ವಾರದಲ್ಲಿ ಎರಡು ದಿನ ಯಾವ ನರಮನುಷ್ಯನ ಮುಖವನ್ನೂ ನೋಡಬಾರದು! ಉಳಿದ ಐದು ದಿನ ಜನರ ಬಾಯೊಳಗೆ ಇಣುಕುವುದು ಹೊಟ್ಟೆಪಾಡು, ಅದಕ್ಕೆ ಏನೂ ಮಾಡುವಂತಿಲ್ಲ. ಆದರೆ ಶನಿವಾರ, ಭಾನುವಾರ ಅವನು, ಅವನ ಟೀ, ಅವನ ಪುಸ್ತಕ, ಅಷ್ಟೇ.

ಅವನ ಸಂಕಟವೂ ಸಣ್ಣದಲ್ಲ. ವಯಸ್ಸು ಮೂವತ್ತಾರು, ಮದುವೆಯಾಗಿಲ್ಲ. ಅಲ್ಮಾಟಿಯಲ್ಲಿದ್ದ ಹದಿಮೂರು ವರ್ಷದಲ್ಲಿ ಒಂದು ಶನಿವಾರವೂ ಅವನ ಪಾಲಿಗೆ ಸಿಕ್ಕಿರಲಿಲ್ಲ. ಒಂದು ವಾರ ನರ್ಸಿನ ತಂಗಿಯ ಮದುವೆ, ಇನ್ನೊಂದು ವಾರ ಎಕ್ಸ್‌ರೇ ತೆಗೆಯುವವನ ಮಗನ ತೊಟ್ಟಿಲ ಹಬ್ಬ, ಮತ್ತೊಂದು ವಾರ ಯಾರದೋ ಮಾವನ ಅರವತ್ತು. ಎಲ್ಲ ಕಡೆಯೂ ಕುದುರೆ ಮಾಂಸ ಬಡಿಸುತ್ತಾ ಒಂದೇ ಪ್ರಶ್ನೆ, ನಿನ್ನದು ಯಾವಾಗ ಅಂತ. ಅದಕ್ಕೇ ಝಾರ್ಕೆಂಟಿನ ಆಸ್ಪತ್ರೆಯಲ್ಲಿ ಕೆಲಸ ಖಾಲಿಯಿದೆ ಎಂದಾಗ ಮೊದಲು ಅರ್ಜಿ ಹಾಕಿದವನು ಇವನೇ. ಎರಡನೆಯವರು ಯಾರೂ ಹಾಕಲಿಲ್ಲ.

"ಅಣ್ಣಾ, ಅದು ಸಣ್ಣ ಊರು. ಅಲ್ಲಿ ನಿನ್ನ ಸುಮ್ನೆ ಬಿಡಲ್ಲ," ಅಂತ ತಂಗಿ ಶಿನಾರ್ ಫೋನಿನಲ್ಲಿ ಎಚ್ಚರಿಸಿದಳು.

"ಸಣ್ಣ ಊರು ಅಂದ್ರೆ ಜನ ಕಡಿಮೆ. ಜನ ಕಡಿಮೆ ಅಂದ್ರೆ ಕಾಟ ಕಡಿಮೆ. ಅಷ್ಟೂ ಗೊತ್ತಾಗಲ್ವಾ ನಿಂಗೆ?"

"ಗೊತ್ತಾಗುತ್ತೆ. ಜನ ಕಡಿಮೆ ಇದ್ರೆ ಒಬ್ಬೊಬ್ಬರ ಪಾಲಿಗೆ ನೀನು ಜಾಸ್ತಿ ಬರ್ತೀಯ."

"ನಾನು ಬಾಗಿಲು ಹಾಕ್ಕೊಂಡೆ ಅಂದ್ರೆ ಊರಿನ ಮೇಯರ್ರೇ ಬಂದು ತಟ್ಟಿದ್ರೂ ತೆಗೆಯಲ್ಲ. ನೋಡ್ತಿರು," ಎಂದು ಕಾನಗತ್ ಫೋನಿಟ್ಟ.

ಜನವರಿಯ ಒಂದು ಬುಧವಾರ ಅವನ ಸಾಮಾನಿನ ಲಾರಿ ಪೋಪ್ಲರ್ ಮರಗಳ ಆ ಬೀದಿಗೆ ಬಂತು. ಅವನದನ್ನು ಬಿಟ್ಟು ಹನ್ನೊಂದು ಮನೆಗಳ ಬೀದಿ. ಲಾರಿ ನಿಲ್ಲುವ ಮೊದಲೇ ಹನ್ನೊಂದು ಮನೆಯವರೂ ಹೊರಗೆ ನಿಂತಿದ್ದರು. ದುಡ್ಡು ಕೊಟ್ಟು ಕರೆತಂದ ಇಬ್ಬರು ಆಳುಗಳನ್ನು ಟೀ ಕುಡಿಯಲು ಕೂರಿಸಿ, ಬೀದಿಯವರೇ ಬೀರುವನ್ನೂ ಪುಸ್ತಕದ ಪೆಟ್ಟಿಗೆಗಳನ್ನೂ ಹೊತ್ತು ಒಳಗಿಟ್ಟರು. ಪುಸ್ತಕಗಳ ಭಾರ ನೋಡಿದ ಸೆಯಿಲ್‌ಬೆಕ್, ಅಲ್ಮಾಟಿಗೆ ಬಾಡಿಗೆ ಕಾರು ಓಡಿಸುವ ಎದುರುಮನೆಯವನು, "ಡಾಕ್ಟ್ರೇ, ಹಲ್ಲು ಮೂವತ್ತೆರಡೇ ಅಲ್ವಾ? ಇಷ್ಟೊಂದು ಓದೋದೇನಿದೆ ಅದರಲ್ಲಿ?" ಎಂದು ಸೊಂಟ ಹಿಡಿದುಕೊಂಡ.

ಬಾಡಿಗೆಗೆ ಸಿಕ್ಕಿದ್ದು ಹಳೆಯ ಮಣ್ಣಿನ ಮನೆ, ಕಲ್ಲಿದ್ದಲ ಒಲೆಯದು. ಒಡತಿ ಮಗಳ ಮನೆಗೆ ಹೋಗಿದ್ದಳು. ಹೋಗುವಾಗ ಮೊಮ್ಮಗಳ ಮದುವೆಗೆಂದು ಹೊಲಿಸಿದ ಇಪ್ಪತ್ತೆರಡು ಹತ್ತಿಯ ಹಾಸಿಗೆಗಳನ್ನು ದೊಡ್ಡ ಕೋಣೆಯ ಮೂಲೆಯಲ್ಲಿ ಒಂದು ಪೆಟ್ಟಿಗೆಯ ಮೇಲೆ ಸೂರಿಗೆ ತಾಗುವಂತೆ ಪೇರಿಸಿ ಹೋಗಿದ್ದಳು. ಗೋಡೆಯ ತೇವ ತಾಗದಿರಲೆಂದು ರಾಶಿಯ ಹಿಂದೆ ಒಂದೂವರೆ ಅಡಿ ಜಾಗ ಬಿಟ್ಟಿದ್ದಳು.

ಗುರುವಾರ ಬೆಳಿಗ್ಗೆಯೇ ಬಲ್ಕೆನ್ ಅಪಾ ಬಂದರು. ಪಕ್ಕದ ಮನೆಯ ಅಜ್ಜಿ, ಎಪ್ಪತ್ತೆಂಟು ವರ್ಷ, ಬೀದಿಗೆಲ್ಲ ಹಿರಿಯರು. ಎಡಗೆನ್ನೆಗೆ ಕೈಯೊತ್ತಿಕೊಂಡೇ ಮಾತಾಡಿದರು.

"ಶನಿವಾರ ಮಧ್ಯಾಹ್ನ ನಮ್ಮನೇಲಿ ನಿನ್ನ ಎರುಲಿಕ್, ಮಗಾ. ಹಿರಿಯರ ಮನೆ ಮೊದಲು. ಮುಂದಿನ ಶನಿವಾರ ಸೆಯಿಲ್‌ಬೆಕ್ ಮನೆ. ಅದರ ಮುಂದಿನ ಶನಿವಾರ ಅವನ ಪಕ್ಕದ ಮನೆ. ಹೀಗೆ ಹನ್ನೊಂದೂ ಆಗೋ ಹೊತ್ತಿಗೆ ವಸಂತ ಬಂದಿರುತ್ತೆ."

ಹೊಸದಾಗಿ ಬಂದವನಿಗೆ ಬೀದಿಯವರು ಸರದಿಯ ಮೇಲೆ ಊಟ ಹಾಕುವ ಪದ್ಧತಿ ಕಾನಗತನಿಗೆ ತಿಳಿಯದ್ದೇನಲ್ಲ. ಆದರೆ ಅಲ್ಮಾಟಿಯ ಒಂಬತ್ತನೇ ಮಹಡಿಯಲ್ಲಿ ಪಕ್ಕದ ಬಾಗಿಲಿನವನ ಹೆಸರೂ ಗೊತ್ತಿಲ್ಲದೆ ಬದುಕಿದವನು, ಅದೆಲ್ಲ ಅಜ್ಜಂದಿರ ಕಾಲಕ್ಕೇ ಮುಗಿಯಿತೆಂದುಕೊಂಡಿದ್ದ. ಹನ್ನೊಂದು ಶನಿವಾರಗಳು ಅವನ ಕಣ್ಣೆದುರೇ ಸಾಲಾಗಿ ಮಣ್ಣಾದವು. ಎರುಲಿಕ್ ಬೇಡವೆಂದರೆ ಬೀದಿಯೇ ಬೇಡವೆಂದಂತೆ. ಅದನ್ನು ಹೇಳುವ ಧೈರ್ಯ ಯಾರಿಗಿದೆ? ಆದ್ದರಿಂದ ಅವನು ಓದಿದವರು ಮಾಡುವ ಕೆಲಸವನ್ನೇ ಮಾಡಿದ.

"ಅಯ್ಯೋ ಅಪಾ, ಶನಿವಾರ ನಾನು ಊರಲ್ಲೇ ಇರಲ್ವಲ್ಲ. ಅಲ್ಮಾಟೀಲಿ ಬಹಳ ಮುಖ್ಯವಾದ ಕೆಲಸ. ಶುಕ್ರವಾರ ಸಂಜೆ ಹೋದ್ರೆ ಭಾನುವಾರಾನೇ ಬರೋದು."

"ಅಷ್ಟು ಮುಖ್ಯಾನಾ?"

"ತುಂಬಾ."

ಅಪಾ ಒಂದು ಗಳಿಗೆ ಅವನನ್ನೇ ನೋಡಿದರು. "ಹಾಗಾದ್ರೆ ಹೋಗಿ ಬಾ. ಮನೆ ಕಡೆ ಯೋಚನೆ ಮಾಡ್ಬೇಡ," ಎಂದರು. ಈ ಕೊನೆಯ ಮಾತನ್ನು ಕಾನಗತ್ ಬರಿಯ ಉಪಚಾರವೆಂದುಕೊಂಡ. ದಡ್ಡ ಅಂದರೆ ಇವನೇ.

ಶುಕ್ರವಾರ ಸಂಜೆ ಇಡೀ ಬೀದಿಗೆ ಕಾಣುವಂತೆ ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆ ನಡೆದ. ಅರ್ಧ ದಾರಿಯಲ್ಲಿ ತಿರುಗಿ, ಸೇಬಿನ ತೋಟದ ಹಿಂದಿನ ಕಾಲುವೆಯ ಗುಂಟ ಮೊಣಕಾಲುದ್ದ ಹಿಮದಲ್ಲಿ ತಡವರಿಸುತ್ತಾ ಹಿತ್ತಿಲಿನಿಂದ ಮನೆ ಸೇರಿದ. ಪರದೆ ಎಳೆದ. ದೀಪ ಹಚ್ಚಲಿಲ್ಲ. ಹೊಗೆ ಕಂಡೀತೆಂದು ಒಲೆಯನ್ನೂ ಹಚ್ಚಲಿಲ್ಲ. ಶನಿವಾರ ಬೆಳಿಗ್ಗೆ ಎದ್ದಾಗ ಲೋಟದ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಓವರ್‌ಕೋಟು, ನರಿಚರ್ಮದ ಟೋಪಿ, ಎರಡು ಜೊತೆ ಕಾಲುಚೀಲ ಹಾಕಿಕೊಂಡು, ಗ್ಯಾಸಿನ ಸ್ಟೌವಿನಲ್ಲಿ ಟೀ ಕಾಸಿಕೊಂಡು, ಪುಸ್ತಕ ಬಿಡಿಸಿ ಕುಳಿತ. ಹಲ್ಲು ಕಟಕಟ ಅನ್ನುತ್ತಿದ್ದರೂ ಮನಸ್ಸಿಗೆ ಗೆದ್ದ ಹೆಮ್ಮೆ.

ಹೆಮ್ಮೆ ಹನ್ನೊಂದು ಗಂಟೆಯವರೆಗೆ ಇತ್ತು. ಆಗ ಅಂಗಳದಲ್ಲಿ ಹಿಮ ಕರಕರ ಅಂದಿತು. ಬೀಗದಲ್ಲಿ ಕೀಲಿ ತಿರುಗಿತು.

ಒಡತಿ ಇನ್ನೊಂದು ಕೀಲಿಯನ್ನು ಬಲ್ಕೆನ್ ಅಪಾ ಕೈಯಲ್ಲಿ ಕೊಟ್ಟಿದ್ದಳು. ಊರಿಗೆ ಹೋದವರ ಮನೆಯ ಒಲೆ ಆರದಂತೆ ನೋಡಿಕೊಳ್ಳುವುದು ಚಳಿಗಾಲದಲ್ಲಿ ಅಕ್ಕಪಕ್ಕದವರ ಕೆಲಸ. ಇಲ್ಲದಿದ್ದರೆ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ. ಇದು ಝಾರ್ಕೆಂಟಿನಲ್ಲಿ ಕೂಸಿಗೂ ಗೊತ್ತು. ಕಾನಗತನಿಗೆ ನೆನಪಾದದ್ದು ಬಾಗಿಲು ತೆರೆದ ಸದ್ದು ಕೇಳಿದ ಮೇಲೆ. ಎದ್ದವನೇ ಪುಸ್ತಕ ಎದೆಗವಚಿಕೊಂಡು ಹಾಸಿಗೆ ರಾಶಿಯ ಹಿಂದಿನ ಸಂದಿಗೆ ನುಗ್ಗಿ ಉಸಿರು ಬಿಗಿಹಿಡಿದು ನಿಂತ.

"ಅಪಾ, ಇಲ್ಲಿ ಬೂಟು ಇದೆ," ಇದು ಸೆಯಿಲ್‌ಬೆಕನ ಹೆಂಡತಿ ಕುಲ್ಯಾಶ್‌ಳ ದನಿ. "ಒದ್ದೆಯಾಗಿದೆ."

"ಒಲೆ ಹತ್ರ ಇಡು, ಒಣಗ್ಲಿ."

"ಟೀ ಲೋಟ ಇನ್ನೂ ಬೆಚ್ಚಗಿದೆ."

"ತೊಳೆದಿಡು."

ಬಚಾವಾದೆ, ಅಂದುಕೊಂಡ ಕಾನಗತ್. ಹೆದರಿದವನ ತಲೆ ಕೆಲಸ ಮಾಡುವುದು ಹೀಗೆಯೇ.

ಸೆಯಿಲ್‌ಬೆಕ್ ಒಲೆಗೆ ಎರಡು ಬಕೆಟ್ಟು ಕಲ್ಲಿದ್ದಲು ಸುರಿದ. ಅರ್ಧ ಗಂಟೆಯಲ್ಲಿ ಮನೆ ಹಮಾಮಿನಂತಾಯಿತು. ಓವರ್‌ಕೋಟಿನೊಳಗೆ, ನರಿಚರ್ಮದ ಕೆಳಗೆ, ಹತ್ತಿಯ ಗೋಡೆಯ ಹಿಂದೆ ಡಾಕ್ಟರು ಬೆವರಿನಲ್ಲಿ ತೋಯತೊಡಗಿದ. ಇನ್ನೇನು ಹೋಗುತ್ತಾರೆ ಎನ್ನುವಷ್ಟರಲ್ಲಿ ಅಪಾ ಕಾಲು ಚಾಚಿ ಕುಳಿತರು.

"ಮನೆ ಹೇಗೂ ಬೆಚ್ಚಗಾಯ್ತು. ಮಾಂಸ ನಮ್ಮನೇಲಿ ಬೆಂದಿದೆ. ಎರುಲಿಕ್ ಇಲ್ಲೇ ಮಾಡ್ಬಿಡೋಣ."

"ಡಾಕ್ಟ್ರೇ ಇಲ್ವಲ್ಲ ಅಪಾ," ಎಂದ ಸೆಯಿಲ್‌ಬೆಕ್.

"ಮನೆ ಇದೆಯಲ್ಲ. ಕರೆದ ಬೀದಿಯವರಿಗೆಲ್ಲ ಏನು ಹೇಳ್ಲಿ ನಾನು, ಮುಖ್ಯ ಕೆಲಸ ಇದೆ ಅಂತಾನಾ?"

ಆಗಲೇ ಹೊರಗೆ ಬಂದುಬಿಡಬೇಕಿತ್ತು. ಇದು ಅವನಿಗೂ ಹೊಳೆಯಿತು. ಆದರೆ ಬಂದು ಹೇಳುವುದೇನು? ಸೋಮವಾರ ಆಸ್ಪತ್ರೆಯಲ್ಲಿ ಮೊದಲ ದಿನ. ಈ ಬೀದಿಯೇ ಬಂದು ಅವನ ಕುರ್ಚಿಯಲ್ಲಿ ಕೂರಬೇಕು. ಎಪ್ಪತ್ತೆಂಟರ ಮುದುಕಿಗೆ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿ ಗೋಡೆ ಸಂದಿಯಲ್ಲಿ ಅಡಗಿದವನ ಕೈಗೆ ಯಾರು ಹಲ್ಲು ಒಪ್ಪಿಸಿಯಾರು? ಹೀಗೆ ಯೋಚಿಸುತ್ತಾ ಐದು ನಿಮಿಷ ಕಳೆದ. ಐದು ನಿಮಿಷದ ನಂತರ ಹೊರಗೆ ಬರುವುದು ಇನ್ನಷ್ಟು ಕಷ್ಟವಾಗಿತ್ತು. ಹತ್ತು ನಿಮಿಷದ ನಂತರ ಸಾಧ್ಯವೇ ಇರಲಿಲ್ಲ.

ಮಾಂಸದ ಹರಿವಾಣ ಬಂತು. ಜನ ಬಂದರು. ಬಂದವರು ನೆಲದ ಮೇಲೆ ಕೂರಬೇಕಲ್ಲ?

"ಕುಲ್ಯಾಶ್, ಹಾಸಿಗೆ ತೆಗಿ," ಎಂದರು ಅಪಾ.

ಮೇಲಿನ ಹಾಸಿಗೆ ಹೋಯಿತು. ಕಾನಗತನ ನೆತ್ತಿಯ ಮೇಲೆ ಬೆಳಕು ಬಿತ್ತು. ಎರಡು ಹೋದವು, ನಾಲ್ಕು ಹೋದವು. ಟೋಪಿಯ ತುದಿ ಕಂಡೀತೆಂದು ಅದನ್ನು ಕಿತ್ತು ಕಂಕುಳಲ್ಲಿಟ್ಟುಕೊಂಡ. ಮೂಲೆಯ ಮನೆಯ ಮುದುಕ ದಂಪತಿ ಬಂದರು, ಹಾಸಿಗೆ ಹೋಯಿತು, ಇವನು ಕುತ್ತಿಗೆ ತಗ್ಗಿಸಿದ. ತುದಿಮನೆಯವರು ಸೊಸೆಯರ ಸಮೇತ ಬಂದರು, ಮೂರು ಹೋದವು, ಇವನು ಸೊಂಟ ಬಗ್ಗಿಸಿದ. ಅಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಜನ ಎಲ್ಲಿದ್ದರು ಎಂದು ಹಲ್ಲು ಕಚ್ಚಿದ.

"ಅಲ್ಮಾಟೀಲಿ ಅಂಥ ಮುಖ್ಯ ಕೆಲಸ ಏನಿರಬಹುದು?" ಎಂದಳು ಕುಲ್ಯಾಶ್. "ಹುಡುಗಿ ಇರಬೇಕು."

"ಆ ಮುಖ ನೋಡಿದ್ರೆ ಹುಡುಗಿ ವಿಷಯ ಅನ್ಸಲ್ಲ," ಎಂದ ಸೆಯಿಲ್‌ಬೆಕ್. ಎಲ್ಲರೂ ನಕ್ಕರು. ಹಾಸಿಗೆಯ ಹಿಂದೆ ಒಬ್ಬನು ನಗಲಿಲ್ಲ.

"ನಗ್ಬೇಡಿ," ಎಂದರು ಅಪಾ. "ಈ ಊರಲ್ಲಿ ನಾಲ್ಕು ವರ್ಷದಿಂದ ಹಲ್ಲಿನ ಡಾಕ್ಟ್ರೇ ಇರಲಿಲ್ಲ. ನನ್ನ ಈ ಹಲ್ಲು ಶರತ್ಕಾಲದಿಂದ ಜೀವ ತಿಂತಿದೆ. ನಾನು ಬೇಯಿಸಿದ್ದು ನಾನೇ ಅಗಿಯೋಕಾಗ್ತಿಲ್ಲ. ಒಂಟಿ ಹುಡುಗ, ಬೇಜಾರಾಗಿ ಓಡಿಹೋಗ್ಬಾರದು ಅಂತ ಇದೆಲ್ಲ."

ಕಾನಗತನಿಗೆ ನಾಚಿಕೆಯಿಂದ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಾನು ಕಾಟವೆಂದುಕೊಂಡದ್ದು ಈ ಮುದುಕಿಯ ಪಾಲಿಗೆ ಆಸೆಯಾಗಿತ್ತು. ಗುರುವಾರ ಅವರು ಕೆನ್ನೆ ಹಿಡಿದುಕೊಂಡೇ ಮಾತಾಡಿದ್ದರು. ಹಲ್ಲಿನ ಡಾಕ್ಟರಾಗಿ ಒಂದು ಸಲವೂ ಅವನು ಏನಾಗಿದೆ ಎಂದು ಕೇಳಿರಲಿಲ್ಲ.

ಅಷ್ಟರಲ್ಲಿ ಕೊನೆಯ ಮನೆಯವರು ಬಂದರು. ಐದು ಜನ. ಈಗ ಪೆಟ್ಟಿಗೆಯ ಮೇಲೆ ಉಳಿದದ್ದು ಎರಡೇ ಹಾಸಿಗೆ, ಅದರ ಹಿಂದೆ ಓವರ್‌ಕೋಟು ತೊಟ್ಟು, ಟೋಪಿ ಕಂಕುಳಲ್ಲಿಟ್ಟು, ಪುಸ್ತಕ ಹೊಟ್ಟೆಗೊತ್ತಿಕೊಂಡು ಕುಕ್ಕರಗಾಲಲ್ಲಿ ಕುಳಿತ ಡಾಕ್ಟರು. ಬಲ್ಕೆನ್ ಅಪಾ ಹಿಂದಿರುಗಿಯೂ ನೋಡದೆ, ಹಾಲು ಹಾಕಿದ ಟೀ ಬಟ್ಟಲನ್ನು ಹಾಸಿಗೆಗಳ ಮೇಲಿನಿಂದ ಹಿಂದಕ್ಕೆ ಚಾಚಿದರು.

"ತಗೋ ಮಗಾ. ಬೇಗ ಬಂದ್ಬಿಟ್ಯಲ್ಲ ಅಲ್ಮಾಟಿಯಿಂದ. ರಸ್ತೆ ಚೆನ್ನಾಗಿತ್ತಾ?"

ಕಾನಗತ್ ಎದ್ದು ನಿಂತ. ಬಟ್ಟಲು ತೆಗೆದುಕೊಂಡ. ಮೂವತ್ತು ಜನ ಅವನನ್ನು ನೋಡುತ್ತಿದ್ದರು, ಒಬ್ಬರ ತುಟಿಯೂ ಅಲುಗಲಿಲ್ಲ.

"ಚೆನ್ನಾಗಿತ್ತು, ಅಪಾ," ಎಂದ, ಇಂಗು ತಿಂದ ಮಂಗನ ಹಾಗೆ.

"ಘಟ್ಟದಲ್ಲಿ ಹಿಮ ತೆಗೆದಿದ್ರಾ ಡಾಕ್ಟ್ರೇ?" ಎಂದು ಸೆಯಿಲ್‌ಬೆಕ್ ಗಂಭೀರವಾಗಿ ಕೇಳಿದ. "ನಿನ್ನೆ ರಾತ್ರಿಯೆಲ್ಲ ಮುಚ್ಚಿತ್ತು ಅಂತಿದ್ರು."

"ಸ್ವಲ್ಪ ತೆಗೆದಿದ್ರು."

"ಚಳಿ ಜಾಸ್ತಿ ಇರ್ಬೇಕು ಅಲ್ಲಿ," ಎಂದಳು ಕುಲ್ಯಾಶ್. "ನೋಡಿ ಹೇಗೆ ಬೆವರ್ತಿದ್ದಾರೆ."

ಅವನನ್ನು ಕೋಣೆಯ ಮೇಲ್ತುದಿಯಲ್ಲಿ, ಅತಿಥಿಯ ಜಾಗದಲ್ಲಿ ಕೂರಿಸಿ, ತಟ್ಟೆಗೆ ಮಾಂಸದ ದೊಡ್ಡ ತುಂಡು ಹಾಕಿದರು. ಪ್ರಕರಣ ಇಲ್ಲಿಗೆ ಮುಗಿಯಿತೆಂದು ಅವನು ಒಂದು ತುತ್ತು ಬಾಯಿಗಿಟ್ಟನೋ ಇಲ್ಲವೋ, ಮೂಲೆಯ ಮನೆಯ ಮುದುಕ ಕಿವಿಯ ಹತ್ತಿರ ಬಾಗಿ, "ನಮಗೆಲ್ಲ ಬಜಾರ್ಲಿಕ್ ಏನು ತಂದೆ?" ಎಂದ.

ಪ್ರಯಾಣ ಮುಗಿಸಿ ಬಂದವನು ನೆರೆಹೊರೆಗೆ ಉಡುಗೊರೆ ತರದೆ ಬರಿಗೈಯಲ್ಲಿ ಬರುವುದುಂಟೇ? ಮನೆಗೊಂದರಂತೆ ಹನ್ನೊಂದು! ಮೂಲೆಯಂಗಡಿಯಿಂದ ತಂದು ಕೊಡೋಣವೆಂದರೆ ಆ ಅಂಗಡಿ ಕುಲ್ಯಾಶ್‌ಳದೇ.

"ಚೀಲ ಅಲ್ಮಾಟಿ ನಿಲ್ದಾಣದಲ್ಲೇ ಬಿಟ್ಟು ಬಂದೆ," ಎಂದ, ಮುಳುಗುವವನ ದನಿಯಲ್ಲಿ.

"ಅಯ್ಯೋ ಪಾಪ," ಎಂದ ಸೆಯಿಲ್‌ಬೆಕ್. "ನಾಳೆ ಬೆಳಿಗ್ಗೆ ಆರಕ್ಕೆ ನನ್ನ ಕಾರು ಹೊರಡುತ್ತೆ. ಮುಂದಿನ ಸೀಟು ನಿಮಗೇ. ಹೋಗಿ ತಂದ್ಬಿಡೋಣ."

ಹೀಗೆ ಕಾನಗತ್ ಭಾನುವಾರ ಅಲ್ಮಾಟಿಗೆ ನಿಜವಾಗಿ ಹೋದ. ಹೋಗಲು ಐದು ಗಂಟೆ, ಬರಲು ಆರು. ಹಿಂದಿನ ಸೀಟಿನ ಮೂವರು ಹೆಂಗಸರು ಅವನ ವಯಸ್ಸು ಕೇಳಿದರು, ಸಂಬಳ ಕೇಳಿದರು, ಮದುವೆ ಯಾಕಾಗಿಲ್ಲವೆಂದು ಕೇಳಿದರು. ಘಟ್ಟದಿಂದಾಚೆಗೆ ಅವರೇ ಮೂರು ಹುಡುಗಿಯರನ್ನೂ ಗೊತ್ತುಮಾಡಿದರು. ಹನ್ನೊಂದು ಡಬ್ಬಿ ಮಿಠಾಯಿ ತೊಡೆಯ ಮೇಲಿಟ್ಟುಕೊಂಡು ಸಂಜೆ ಬಂದಿಳಿದು, ಮನೆಮನೆಗೆ ತಾನೇ ಹೋಗಿ ಕೊಟ್ಟು, ಪ್ರತಿ ಮನೆಯಲ್ಲೂ ಟೀ ಕುಡಿದು ಮಲಗಿದ.

ಸೋಮವಾರ ಬೆಳಿಗ್ಗೆ ಅವನ ಕೋಣೆಯ ಮುಂದೆ ಇಡೀ ಬೀದಿ ಕುಳಿತಿತ್ತು. ಯಾರೂ ಒಳಗೆ ಬರಲಿಲ್ಲ. ಮೊದಲು ಬಲ್ಕೆನ್ ಅಪಾ ಹೋಗಿ ಬರಲಿ, ಆಮೇಲೆ ನೋಡೋಣ ಅಂತ ಎಲ್ಲರ ಲೆಕ್ಕ. ಅಪಾ ಬಂದು ಕುರ್ಚಿಯಲ್ಲಿ ಕುಳಿತರು. ತುಟಿ ಬಿಗಿಯಾಗಿ ಮುಚ್ಚಿತ್ತು. ಕಾನಗತ್ ಕೈ ತೊಳೆದು, ಸೂಜಿ ಸಿದ್ಧಮಾಡಿಕೊಂಡು, ಹದಿಮೂರು ವರ್ಷದಿಂದ ಎಲ್ಲರಿಗೂ ಹೇಳಿದ್ದನ್ನೇ ಅತ್ಯಂತ ಮೃದುವಾಗಿ ಹೇಳಿದ:

"ಒಂಚೂರೂ ನೋವಾಗಲ್ಲ, ಅಪಾ."

ಅಪಾ ತುಟಿಯನ್ನು ಮಾತಿಗೆ ಬೇಕಾದಷ್ಟೇ ಬಿಡಿಸಿದರು.

"ಇದು ನೀನು ಶನಿವಾರ ಹೋದ ಅಲ್ಮಾಟಿಯಂಥ ಮಾತಾ, ಭಾನುವಾರ ಹೋದ ಅಲ್ಮಾಟಿಯಂಥ ಮಾತಾ?"

ಕಾನಗತ್ ಸೂಜಿಯನ್ನು ನೋಡಿದ. ಬಾಗಿಲ ಸಂದಿಯಲ್ಲಿ ಸಾಲಾಗಿ ಕಾಣುತ್ತಿದ್ದ ಕಿವಿಗಳನ್ನು ನೋಡಿದ.

"ನೋಯುತ್ತೆ, ಅಪಾ," ಎಂದ. "ಚೆನ್ನಾಗೇ ನೋಯುತ್ತೆ."

"ಹಾಗೆ ಹೇಳು," ಎಂದು ಅಪಾ ಹಿಂದಕ್ಕೊರಗಿ ಬಾಯಿ ತೆರೆದರು.