ಒಂಬತ್ತನೆಯ ಹಗ್ಗದ ಚಿಪ್ಪುಗಳಿಗೆ, ನೈಲಾನ್ ಬಟ್ಟೆಯ ವಿಷಯವಾಗಿ

ಮಾನ್ಯರೇ,

ಕಡಲಿನಲ್ಲಿ ಹಗ್ಗಕ್ಕೆ ಜೋತುಬಿದ್ದು ಯಾರ ಹಂಗೂ ಇಲ್ಲದೆ ಬೆಳೆಯುವ ತಮ್ಮ ಘನ ಸಮೂಹಕ್ಕೆ, ಮದುವೆಯಾಗಿ ಎರಡು ತಿಂಗಳು ಎಂಟು ದಿನವಾದ ನಾನು, ಸೂಜಿ ಚುಚ್ಚಿದ ಬೆರಳುಗಳ ಸಮೇತ ಕೈಮುಗಿಯುತ್ತೇನೆ. ನನ್ನ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ರಜೆ ಕೇಳುವ ಪತ್ರವನ್ನಷ್ಟೇ ಕಲಿಸಿದ್ದರು. ದೂರಿನ ಪತ್ರ ಇದೇ ಮೊದಲು, ತಪ್ಪಿದ್ದರೆ ಮನ್ನಿಸಿ.

ಚಿಪ್ಪುಮೀನು ಸಾಕುವ ಈ ಮನೆಯಲ್ಲಿ ತಮ್ಮ ಗುಣಗಾನ ಬೆಳಗಿನ ಚಹಾದೊಂದಿಗೇ ಶುರುವಾಗುತ್ತದೆ. ತಮಗೆ ಮೇವು ಬೇಡ, ಔಷಧಿ ಬೇಡ. ತೇಲಿ ಬಂದದ್ದನ್ನು ಸೋಸಿ ತಿಂದು ನೀರನ್ನೇ ತಿಳಿಯಾಗಿಸುತ್ತೀರಿ. ಪಕ್ಕದ ಸಾಲಿನ ಕಡಲಪಾಚಿಯಂತೂ ತಾವು ಬಿಟ್ಟದ್ದನ್ನೇ ಉಂಡು ಕೊಬ್ಬುತ್ತದೆ. ನಾನು ಮೂರನೇ ಬ್ರೆಡ್ಡಿಗೆ ಕೈಹಾಕಿದರೆ ಅತ್ತೆ, "ತಿನ್ನಮ್ಮ, ತಿನ್ನು, ನೀನೇನು ಚಿಪ್ಪಾ?" ಎನ್ನುತ್ತಾರೆ.

ಇರಲಿ. ದೋಣಿಯಲ್ಲಿ ಇಬ್ಬರಿಗೇ ಜಾಗ: ನನ್ನವರಿಗೆ ಮತ್ತು ಅತ್ತೆಗೆ. ಮೊಣಕಾಲು ನೋವಿನ ಅತ್ತೆ ಜಾಗ ಬಿಡಲು ಸಿದ್ಧ, ಆದರೆ ಮೊದಲು ನಾನು ಕಟ್ಟಿದ ಒಂದು ಹಗ್ಗದಲ್ಲಿ ಚಿಪ್ಪುಗಳು ಹಿಡಿದು ನಿಲ್ಲಬೇಕು. ಹಾಗೆ ತಾವು ನನ್ನ ಪಾಲಿಗೆ ಬಂದಿರಿ. ಮರಿಗಳಾದ ತಮ್ಮನ್ನು ಹಗ್ಗದ ಸುತ್ತ ಜೋಡಿಸಿ ತೆಳು ಹತ್ತಿಬಟ್ಟೆ ಸುತ್ತಿ ಹೊಲಿಯಬೇಕಿತ್ತು. ಇಂಥ ಗಣ್ಯರಿಗೆ ಮುಟ್ಟಿದರೆ ಹರಿಯುವ ಚಿಂದಿಯೇ ಎಂದು ಮನಸ್ಸು ತಡೆಯದೆ, ನನ್ನ ಮದುವೆಯ ಮುತ್ತಿನಂಚಿನ ನೈಲಾನ್ ತಲೆಮುಸುಕನ್ನೇ ಕತ್ತರಿಸಿ ಎರಡೆಳೆ ದಾರದಲ್ಲಿ ಬಿಗಿಯಾಗಿ ಹೊಲಿದೆ.

ಹತ್ತು ದಿನಕ್ಕೆ ಉಳಿದ ಹಗ್ಗಗಳ ಬಟ್ಟೆ ನೀರಲ್ಲಿ ಕರಗಿ, ತಮ್ಮ ಬಂಧುಗಳು ಸ್ವಂತ ಮೈಯ ನಾರು ಚಾಚಿ ಹಗ್ಗ ಹಿಡಿದಿದ್ದರು. ನನ್ನ ಹಗ್ಗ ಮಾತ್ರ ಇನ್ನೂ ಮದುಮಗಳಂತೆ ಮುಸುಕಿನಲ್ಲಿತ್ತು. "ಕಟ್ಟಿ ಹಾಕೋದಲ್ಲ ಕಣೇ, ಅವು ಹಿಡ್ಕೊಳ್ಳೋವರೆಗೆ ಒಂದು ಆಸರೆ ಅಷ್ಟೇ," ಎಂದು ನನ್ನವರು ನಕ್ಕರು. ಅತ್ತೆ ನಗಲಿಲ್ಲ. "ಭಾನುವಾರ ಕತ್ತರಿಸಿ ನೋಡೋಣ," ಎಂದರು.

ಹತ್ತು ದಿನ ಉಸಿರುಕಟ್ಟಿದರೂ ತಾವು ಒಂದು ಮಾತು ಹೇಳಲಿಲ್ಲವೆಂಬುದೇ ನನ್ನ ದೂರು. ಆಗಿದ್ದು ಆಯಿತು. ಕತ್ತರಿ ಬಂದಾಗ ದಯವಿಟ್ಟು ಯಾರೂ ಜಾರಬೇಡಿ, ತುಂಬಿದ ಬದಿಯನ್ನೇ ಅತ್ತೆಯತ್ತ ತಿರುಗಿಸಿ, ಸಾಧ್ಯವಾದರೆ ಶನಿವಾರದೊಳಗೆ ಒಂದು ವರ್ಷದಷ್ಟು ಬೆಳೆದುಬಿಡಿ.

ಇನ್ನೂ ದಡದಲ್ಲೇ ನಿಂತಿರುವ,
ತಮ್ಮ ವಿಶ್ವಾಸಿ,
ಹೊಸ ಸೊಸೆ

ತಾ.ಕ.: ಭಾನುವಾರ ಸಂಜೆ. ಅರ್ಧದಷ್ಟು ಮಂದಿ ಹಿಡಿದೇ ಇದ್ದಿರಿ. ಅತ್ತೆ ದೋಣಿಯ ಹಲಗೆಯ ಮೇಲಿನ ಮೊಣಕಾಲಿನ ದಿಂಬನ್ನು ಎತ್ತಿಕೊಂಡು, ಜಾಗ ಖಾಲಿ ಮಾಡಿ ಮನೆಯೊಳಗೆ ಹೋದರು. ಜಾರಿ ಬಕೆಟ್ಟಿಗೆ ಬಿದ್ದ ಮಹನೀಯರನ್ನು ನಾಳೆ ಹತ್ತಿಬಟ್ಟೆಯಲ್ಲೇ ಹೊಲಿಯುತ್ತೇನೆ. ಮತ್ತೆ ಜಾರುವ ಯೋಚನೆಯಿದ್ದರೆ, ಅಡುಗೆಮನೆಯ ದೊಡ್ಡ ಪಾತ್ರೆಯ ಪರಿಚಯ ನನಗೆ ಎರಡು ತಿಂಗಳಿಂದ ಚೆನ್ನಾಗಿಯೇ ಇದೆ.