ಮಾವನ ಹೆಂಚು ತಪಾಸಣೆ

ಸೋರಿದ್ದು ಹೆಂಚಲ್ಲ, ನಮ್ಮ ಮಾವ. ಆಕಾಶದಲ್ಲಿ ಒಂದು ಮೋಡವೂ ಇಲ್ಲದ ಏಪ್ರಿಲ್ ತಿಂಗಳಲ್ಲಿ ಹಾಸಿಗೆ ಒದ್ದೆಯಾದರೆ ಬೇರೆ ಯಾರನ್ನು ಹಿಡಿಯುವುದು? ಆದರೂ ಮಾವ ಮಾಡಿನ ಕಡೆ ಬೆರಳು ತೋರಿಸಿ, "ಹೆಂಚು ಸೋರ್ತಾ ಉಂಟು" ಎಂದರು!

ಅವರ ಬಾಯಿಂದ ಆ ಮಾತು! ಹೊಳೆಬದಿಯ ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿಯೇ ಮುದುಕರಾದವರು ಅವರು. ಯಾರ ಮನೆಗೆ ಹೋದರೂ ಮೊದಲು ನೋಡುವುದು ಹೆಂಚಿನ ಮಾಡು, ಆಮೇಲೆ ಮುಖ. ಮಗನಿಗೆ ಹೆಣ್ಣು ನೋಡಲು ಬಂದಾಗಲೂ ಅಷ್ಟೇ. ನಾನು ಕಾಫಿ ಹಿಡಿದು ನಿಂತೇ ಇದ್ದೆ. ಅವರು ತಲೆ ಎತ್ತಿ, "ಸಾಲು ನೆಟ್ಟಗುಂಟು, ಸಂಬಂಧ ಆಗಬಹುದು" ಎಂದರು. ನನ್ನ ಮೂಗು ಯಾರಿಗೆ ಬೇಕಿತ್ತು! ಒಮ್ಮೆ ಇಗರ್ಜಿಯ ಮಾಡು ಹತ್ತಿದವನೊಬ್ಬ ಹೆಂಚು ಒಡೆದನೆಂದು ಮಾವ ಅಂದು ಊಟವನ್ನೇ ಮಾಡಲಿಲ್ಲ. ಅಂಥವರು ಈಗ ತಮ್ಮ ಮಾನ ಉಳಿಸಲು ಹೆಂಚಿನ ಮಾನ ತೆಗೆದರು.

ನಯಾ ಪೈಸೆ ಹೊಸದಾಗಿ ಬಂದ ಕಾಲ ಅದು. ಕುಲಶೇಖರದ ನಮ್ಮ ಮನೆಯ ಪಾಯಿಖಾನೆ ಹಿತ್ತಲ ತುದಿಯಲ್ಲಿತ್ತು. ಅವಸರವಾದ ಮೇಲೆ ಹೊರಟರೆ ಮಾವನ ಕಾಲು ಅಲ್ಲಿಗೆ ಮುಟ್ಟುತ್ತಿರಲಿಲ್ಲ.

"ಅಪ್ಪನಿಗೆ ಮಧ್ಯಾಹ್ನದ ಮೇಲೆ ನೀರು ಕೊಡ್ಬೇಡ" ಎಂದರು ನನ್ನ ಗಂಡ. "ಆಗದಿದ್ರೆ ಸೌದೆ ಕೊಟ್ಟಿಗೆಯಲ್ಲಿ ಮಲಗಲಿ."

"ನೀರು ನಿಲ್ಲಿಸಿದ್ರೆ ಒಣಗುವುದು ನಿಮ್ಮ ಅಪ್ಪ, ಹಾಸಿಗೆ ಅಲ್ಲ ಮಾರಾಯ್ರೆ!"

ಹಾಗಂತ ಮಾವನಿಗೆ "ಹೋಗಿ ಬನ್ನಿ" ಎನ್ನುವ ಹಾಗೂ ಇರಲಿಲ್ಲ. "ನಾನೆಂತ ಮಗುವಾ?" ಎಂದು ಗುಡುಗುತ್ತಿದ್ದರು. ಕೊನೆಗೆ ಹೇಳಿದೆ: "ಮಾವ, ಪಾಯಿಖಾನೆಯ ಮಾಡಿನಲ್ಲಿ ಎಂತದೋ ಬಿರುಕು ಕಾಣ್ತದೆ."

ಕೋಲು ಹಿಡಿದು ಹೊರಟೇಬಿಟ್ಟರು!

"ಹೇಗೂ ಬಂದಿದ್ದೀರಿ, ಕೆಲಸ ಮುಗಿಸಿಯೇ ಬನ್ನಿ" ಎಂದು ಹಿಂದೆಯೇ ಹೋದ ನಾನು ಪಾಯಿಖಾನೆಯ ಬಾಗಿಲು ಎಳೆದೆ.

ಕಾಫಿಯಾದ ಮೇಲೆ ತಪಾಸಣೆ, ಗಂಜಿಯಾದ ಮೇಲೆ ತಪಾಸಣೆ, ಮಲಗುವ ಮೊದಲು ತಪಾಸಣೆ. ನೀರು ಬೇಕಾದಷ್ಟು ಕೊಟ್ಟೆ. ಹಾಸಿಗೆ ಒಣಗಿತು. ಗಂಡ ಕೊಟ್ಟಿಗೆಯ ಸುದ್ದಿ ಎತ್ತುವುದನ್ನು ಬಿಟ್ಟರು. ಪಕ್ಕದ ಮನೆಯವಳು, "ಯಾವ ಡಾಕ್ಟರ ಮದ್ದು?" ಎಂದು ಕೇಳಿದಳು. "ಹೆಂಚು" ಎಂದೆ. ನನಗೆ ಜಂಬ ಬಾರದಿರುತ್ತದೆಯೇ!

ಒಂದು ಸಂಜೆ ಮಾವ ಹಿತ್ತಲ ನಡುವೆ ನಿಂತುಬಿಟ್ಟರು.

"ಆ ಮಾಡಿಗೆ ಎಂತದೂ ಆಗ್ಲಿಲ್ಲ. ಅದು ನನ್ನ ಕೈಯ ಮಾಲು, ನನಗೆ ಗೊತ್ತಿಲ್ವಾ? ಸೋರುದು ನಾನು. ಹೆಂಚಿಗೆ ಯಾಕೆ ಸುಳ್ಳು ಹೆಸರು? ನಾಳೆಯಿಂದ ಕೊಟ್ಟಿಗೆಯಲ್ಲೇ ಮಲಗ್ತೇನೆ."



ಮರುದಿನ ಬೆಳಿಗ್ಗೆ ಅವರು ಏಳುವ ಮೊದಲೇ ಪಾಯಿಖಾನೆಗೆ ಏಣಿ ಇಟ್ಟು ಹತ್ತಿ, ಕತ್ತಿಯ ಬೆನ್ನಿನಿಂದ ಒಂದು ಒಳ್ಳೆಯ ಹೆಂಚನ್ನು ಒಡೆದೆ. ಇಳಿದು ಕೈ ತೊಳೆದು, ಅವರಿಗೆ ಕಾಫಿ ಕೊಟ್ಟು, ಖಾಲಿ ಲೋಟ ಕೈಗೆ ಬಂದ ಮೇಲೆ ಹೇಳಿದೆ: "ಮಾವ, ಕೋಲು ತಕ್ಕೊಳ್ಳಿ. ಇವತ್ತು ನಿಜವಾಗಿಯೂ ಒಡೆದಿದೆ."