ಖಾಲಿ ಚೀಲ ವಾಪಸ್ ಕಳಿಸಬಾರದು

ಬನ್ನಿ, ಚಾಪೆ ಇತ್ಲಾಗೆ ಎಳ್ಕೊಳ್ಳಿ. ಎಲಡಿಕೆ ಹಾಕೋರು ಹಾಕ್ಕೊಂಡೇ ಕೇಳಿ. ನಡುವೆ ಎದ್ದು ಹೋಗಬೇಡಿ, ಕತೆಗೆ ಬೇಜಾರಾಯ್ತದೆ.

ಮೈಸೂರಿಂದ ನಮ್ಮ ಕೋಟೆ ತಾಲ್ಲೂಕಿಗೆ ದಿನಕ್ಕೆ ಎರಡೇ ಬಸ್ಸು ಬರುತ್ತಿದ್ದ ಕಾಲದಲ್ಲಿ, ಕಾಡಂಚಿನ ಚರ್ಚಿನ ಫಾದರ್ ಚೌರಪ್ಪನವರು ಇನ್ನೂರ ಹದಿನೇಳು ವಂದನೆಗಳನ್ನು ಬಾಕಿ ಉಳಿಸಿಕೊಂಡಿದ್ದರು.

ಸೋಮಾರಿಯಲ್ಲ ಅವರು. ಬೆಳಗಾದರೆ ಪೂಜೆ. ಆಮೇಲೆ ಜ್ವರ ಬಂದವರನ್ನು ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ. ಬರುವ ದಾರಿಯಲ್ಲಿ ಹೊಗೆಸೊಪ್ಪಿನ ಹೊಲದ ಬದುವಿನ ಜಗಳ ಬಿಡಿಸೋದು. ಸುತ್ತಲ ಹಳ್ಳಿಯ ಅರ್ಜಿಗಳೆಲ್ಲ ಅವರ ಕೈಯಿಂದಲೇ ಆಗಬೇಕು. ಕೊರಳಲ್ಲಿ ಲಿಂಗ ಕಟ್ಟಿದ ಗುರುಮಲ್ಲಪ್ಪನವರೂ ಅರ್ಜಿಗೆ ಚರ್ಚಿನ ಬಾಗಿಲಿಗೇ ಬರುತ್ತಿದ್ದರು. ಲೋಕದ ಕಾಗದವೆಲ್ಲ ಬರೆದು ಮುಗಿಯುವಷ್ಟರಲ್ಲಿ ಫಾದರ್ ಕಾಗದ ನಾಳೆಗೆ ಬೀಳುತ್ತಿತ್ತು.

ಮೈಸೂರಿನಲ್ಲಿ ಒಂದು ಪರೋಪಕಾರ ಕಚೇರಿ ಇತ್ತು. ಹಡಗಿನಲ್ಲಿ ಬಂದ ಹಾಲಿನಪುಡಿಯನ್ನು ಫಾದರ್ ನಡೆಸುತ್ತಿದ್ದ, ಕಾಡಿನ ಜನರ ಹಾಡಿಯ ಶಾಲೆಗೆ ಪುಕ್ಕಟೆ ಕಳಿಸುತ್ತಿತ್ತು. ಪುಕ್ಕಟೆ ಅಂದಮೇಲೆ ನಿಯಮ ಇರಲೇಬೇಕಲ್ಲ, ಇತ್ತು. ನಿಯಮ ಹದಿನಾಲ್ಕು: “ಪ್ರತಿ ಚೀಲಕ್ಕೂ ಒಂದರಂತೆ ಗುರುಗಳು ಸ್ವಹಸ್ತದಿಂದ ವಂದನಾ ಪತ್ರ ಬರೆದು, ಖಾಲಿ ಚೀಲದೊಂದಿಗೆ ಹಿಂದಿರುಗಿಸತಕ್ಕದ್ದು. ಒಂದು ಪತ್ರದಲ್ಲಿ ವ್ಯಕ್ತಪಡಿಸಿದ ಸಂತೋಷವನ್ನು ಮತ್ತೊಂದರಲ್ಲಿ ವ್ಯಕ್ತಪಡಿಸತಕ್ಕದ್ದಲ್ಲ.”

ಫಾದರ್ ಒಂಬತ್ತು ಬರೆದರು. ಎಂಟನೆಯದರಲ್ಲಿ ಮಕ್ಕಳು ಕುಣಿದರು. ಒಂಬತ್ತನೆಯದರಲ್ಲಿ ಊರ ದನಗಳೂ ಹರ್ಷಿಸಿದವು. ಹತ್ತನೆಯದಕ್ಕೆ ಸಂತೋಷವೇ ಉಳಿಯಲಿಲ್ಲ. ಪತ್ರವಿಲ್ಲದೆ ಚೀಲ ಕಳಿಸುವಂತಿಲ್ಲವಾಗಿ ಇನ್ನೂರ ಹದಿನೇಳು ಖಾಲಿ ಚೀಲಗಳು ಅವರ ಮಂಚದಡಿ ಸೇರಿ, ಮಂಚ ಒಂದು ಗೇಣು ಎತ್ತರವಾಯಿತು.

ಒಂದು ದಿನ ನೋಟೀಸು ಬಂತು. “ತಮ್ಮಿಂದ ೨೧೭ ಕೃತಜ್ಞತೆಗಳು ಬರಬೇಕಾಗಿವೆ. ತಿಂಗಳೊಳಗೆ ಸಲ್ಲಿಸದಿದ್ದಲ್ಲಿ, ಮಕ್ಕಳು ಈವರೆಗೆ ಕುಡಿದ ಹಾಲನ್ನು ಕುಡಿದಿಲ್ಲವೆಂದು ಭಾವಿಸಿ ಸರಬರಾಜು ನಿಲ್ಲಿಸಲಾಗುವುದು. ಸಹಿ: ನೀಲಕಂಠಸ್ವಾಮಿ, ಸೂಪರಿಂಟೆಂಡೆಂಟ್.”

ಫಾದರ್ ಕಿಟಕಿಯಾಚೆ ನೋಡಿದರು. ನಲವತ್ತೊಂದು ಮಕ್ಕಳು ಲೋಟ ಹಿಡಿದು ಸಾಲಾಗಿ ನಿಂತಿದ್ದವು. ಕೊನೆಯಲ್ಲಿ ಬೆಳ್ಳಿ ಅನ್ನೋ ಕೂಸು. ಹೋದ ವರ್ಷ ಅದರ ಕೈ ಸೀಗೆಕಡ್ಡಿಯಂತಿತ್ತು. ಈಗ ಕೆನ್ನೆ ತುಂಬಿ, ಎರಡನೇ ಲೋಟಕ್ಕೆ ನಿಂತಿದ್ದ ಅದರ ಮೇಲ್ತುಟಿಗೆ ಹಾಲಿನ ಬಿಳಿ ಮೀಸೆ ಬಂದಿತ್ತು. ಫಾದರ್ ನೋಟೀಸು ಮಡಿಸಿ ಜೇಬಿಗಿಟ್ಟು ಒಲೆಯ ಹತ್ತಿರ ಬಂದರು.

ಹಾಲು ತಿರುವುತ್ತಿದ್ದವಳು ಬೆಳ್ಳಿಯ ಅಜ್ಜಿ ಕೆಂಚಿ. “ಯಾಕ್ ಸ್ವಾಮ್ಯೋರೆ, ಮೊಕ ಉಳ್ಳಗಾಗ್ಯದೆ?” ಅಂದಳು.

“ಥ್ಯಾಂಕ್ಸ್ ಬರೀಲಿಲ್ಲ ಅಂತ ಹಾಲು ನಿಲ್ಲಿಸ್ತಾರಂತೆ ಕೆಂಚಮ್ಮ.”

“ಅದ್ಯಾವ್ ಸೊಪ್ಪು?”

“ಸೊಪ್ಪಲ್ಲ. ಕೊಟ್ಟಿದ್ದಕ್ಕೆ ಸಂತೋಷ ಆಯ್ತು ಅಂತ ಕಾಗದದಲ್ಲಿ ಹೇಳೋದು. ಹೇಳಿ, ಖಾಲಿ ಚೀಲ ವಾಪಸ್ ಕಳಿಸೋದು. ಒಂಬತ್ತು ಕಳಿಸಿದೆ, ಇನ್ನೂರ ಹದಿನೇಳು ಬಾಕಿ.”

ಕೆಂಚಿ ಸೌಟು ಕೆಳಗಿಟ್ಟಳು. “ಖಾಲೀನಾ? ಮೊದಲು ಒಂಬತ್ತು ಸಲನೂ ಖಾಲೀನೇ ಕಳ್ಸಿದ್ರಾ? ಇಷ್ಟು ಓದಿ ಇಷ್ಟೇನಾ ಸ್ವಾಮಿ! ಪಕ್ಕದ ಮನೆಯೋಳು ಸಾರು ಕೊಟ್ರೆ ಬೋಸಿ ಬರಿದಾಗಿ ತಿರುಗಿಸ್ತಾರಾ? ಅವ್ರಿಗೆ ಕ್ವಾಪ ಬರದೆ ಇನ್ನೇನ್ ಬತ್ತದೆ?”

ಹಾಡಿಯ ಯಜಮಾನ ಜೋಗಯ್ಯನೂ ನಾಚಿಕೊಂಡ. “ನಮ್ ಮರ್ವಾದೆ ಮೈಸೂರ್ಗಂಟ ಓಗ್ಯದೆ ಬುಡಿ,” ಅಂದ. ವಾರದೊಳಗೆ ಇನ್ನೂರ ಹದಿನೇಳು ಚೀಲಕ್ಕೂ ಏನಾದರೊಂದು ಬಿತ್ತು. ಒಂದರಲ್ಲಿ ಕುಂಬಳಕಾಯಿ, ಒಂದರಲ್ಲಿ ಕಾಡುಗೆಣಸು, ಇನ್ನೊಂದರಲ್ಲಿ ಸೀಗೆಕಾಯಿ, ಮೂವತ್ತರಲ್ಲಿ ಜೇನಿನ ಬಾಟಲಿ. ಏನೂ ಇಲ್ಲದ ಮನೆಯವರು ಒಂದು ಹಿಡಿ ರಾಗಿ ಹಾಕಿ ಬಾಯಿ ಕಟ್ಟಿದರು. ಫಾದರ್ ಪತ್ರ ಬರೆಯಲು ಕೂತರು. ಅಷ್ಟರಲ್ಲಿ ಯಾರೋ ಪಾಪನಿವೇದನೆಗೆ ಬಂದರು. ಅವರ ಪಾಪ ಉದ್ದವಿತ್ತು. ಹೊಗೆಸೊಪ್ಪಿನ ಲಾರಿ ಚೀಲ ಏರಿಸಿಕೊಂಡು ಹೊರಟೇಹೋಯಿತು.

ಕಚೇರಿಯಲ್ಲಿ ನೀಲಕಂಠಸ್ವಾಮಿಯವರು ನಿಯಮ ಹುಡುಕಿದರು. ಬಂದ ಪದಾರ್ಥವನ್ನು ಮನೆಗೆ ಒಯ್ಯಬಹುದೆಂಬ ನಿಯಮವಿರಲಿಲ್ಲ. ಒಯ್ಯಬಾರದೆಂಬ ನಿಯಮವೂ ಇರಲಿಲ್ಲ. ಸಂಜೆಯೊಳಗೆ ಜೇನು ಇರಲಿಲ್ಲ. ಮಾರನೆಯ ದಿನ ಆದೇಶ ಹೊರಟಿತು: “ಸದರಿ ಹಾಡಿಯು ಈ ಕಚೇರಿಗೆ ೨೧೭ ಕೊಡುಗೆಗಳನ್ನು ನೀಡಿರುವುದರಿಂದ ಅದನ್ನು ದಾನಿಗಳ ಪಟ್ಟಿಗೆ ಸೇರಿಸಲಾಗಿದೆ. ದಾನಿಗಳಿಗೆ ಹಾಲು ಕೊಡುವ ಪದ್ಧತಿ ಇರುವುದಿಲ್ಲ.”

ಹಾಲು ನಿಂತಿತು. ಬೆಳ್ಳಿ ಮೂರು ದಿನ ಲೋಟ ಹಿಡಿದು ಬಂದು ನಿಂತಳು. ನಾಲ್ಕನೇ ದಿನ ಶಾಲೆಗೇ ಬರಲಿಲ್ಲ. ಐದನೇ ದಿನ ಫಾದರ್ ಮೊದಲ ಬಸ್ಸು ಹತ್ತಿದರು. ಪಕ್ಕದ ಸೀಟಿನಲ್ಲಿ ಆಗಲೇ ಕೆಂಚಿ ಕೂತಿದ್ದಳು. ದಾರಿಯುದ್ದಕ್ಕೂ ಹದಿನಾಲ್ಕನೇ ನಿಯಮ ಹೇಳಿಸಿಕೊಂಡಳು.

“ಬುದ್ಧಿ, ನಾವೀಗ ದಾನಿಗಳಾ?” ಕಚೇರಿಯಲ್ಲಿ ಕೆಂಚಿ ಕೇಳಿದಳು.

“ಹೌದಮ್ಮ. ಆದೇಶವಾಗಿದೆ,” ಅಂದರು ನೀಲಕಂಠಸ್ವಾಮಿ.

“ನಿಮ್ ಹದಿನಾಕನೇ ನೇಮ ನಿಮಗೂ ಐತಾ?”

“ನಿಯಮ ಅಂದಮೇಲೆ ಎಲ್ಲರಿಗೂ ಒಂದೇ.” ಇದನ್ನು ಅವರು ಎದೆಯುಬ್ಬಿಸಿ ಹೇಳಿದರು.

“ಅಂಗಾದ್ರೆ ಇನ್ನೂರ ಹದಿನೇಳು ಕಾಗ್ದ ಕೊಡಿ. ನಿಮ್ ಕೈಲೇ ಬರ್ದಿರ್ಬೇಕು. ಒಂದ್ರ ಸಂತೋಸ ಇನ್ನೊಂದ್ರಾಗೆ ಇರ್ಬಾರ್ದು. ಚೀಲನೂ ತಿರುಗ್ಸಿ. ಇಲ್ದಿದ್ರೆ ಜೇನು ನಿಲ್ತದೆ.”

ಜೇನು ತಿಂಗಳು ತಿಂಗಳು ಬರುತ್ತದೆಂದು ನೀಲಕಂಠಸ್ವಾಮಿಯವರು ಅತ್ತೆಯವರಿಗೆ ಮಾತು ಕೊಟ್ಟಾಗಿತ್ತು. ಕಾಗದ ಎಳೆದುಕೊಂಡು ಬರೆಯಲು ಕೂತರು. ಏಳನೆಯದಕ್ಕೆ ಲೇಖನಿ ನಿಂತಿತು. ತಲೆಯೆತ್ತಿ ಫಾದರನ್ನು ನೋಡಿದರು.

“ನಾನು ಒಂಬತ್ತು ಮುಟ್ಟಿದ್ದೆ,” ಅಂದರು ಫಾದರ್. ತುಸು ಹೆಮ್ಮೆಯೂ ಇತ್ತು.

“ಬೇರೆ ದಾರಿ ಇಲ್ಲವೇನಮ್ಮ?”

“ಐತೆ ಬುದ್ಧಿ. ಚೀಲ ಬರಿದಾಗಿ ತಿರುಗಿಸ್ಬೇಡಿ. ಅಷ್ಟೇಯ.”

ದಾನಿಗಳಿಗೆ ಹಾಲು ಕೊಡುವಂತಿಲ್ಲ, ಆದೇಶವಾಗಿಬಿಟ್ಟಿದೆ. ಆದ್ದರಿಂದ ಹೊಸ ಸುತ್ತೋಲೆ ಬಂತು: “ಖಾಲಿ ಚೀಲಗಳು ದಾರಿಯಲ್ಲಿ ಮುದುಡಿ ಆಕಾರ ಕೆಡುತ್ತಿರುವುದು ಗಮನಕ್ಕೆ ಬಂದಿದೆ. ಆಕಾರ ರಕ್ಷಣೆಯ ಸಲುವಾಗಿ ಅವುಗಳಲ್ಲಿ ಬಾಯಿಮಟ್ಟ ಹಾಲಿನಪುಡಿ ತುಂಬಿ ಕಳಿಸತಕ್ಕದ್ದು. ಇದು ಕೊಡುಗೆಯಲ್ಲ. ಆದಕಾರಣ ವಂದನೆಯ ಅಗತ್ಯವಿಲ್ಲ.”

ಅವತ್ತಿನಿಂದ ಚೀಲಗಳು ಆಕಾರ ಕೆಡದೆ ಹಾಡಿ ತಲುಪಿದವು. ಬೆಳ್ಳಿಯ ಮೀಸೆ ವಾಪಸ್ ಬಂತು. ಯಾರೂ ಏನೂ ಕೇಳಲಿಲ್ಲ.

ಆಮೇಲೆ ಯಾರು ಏನಾದರು ಅಂತೀರಾ? ನೀಲಕಂಠಸ್ವಾಮಿಯವರು ಚೀಲದ ಆಕಾರ ಕಾಪಾಡಿದ್ದಕ್ಕೆ ಬಡ್ತಿ ಪಡೆದರು. ಜೋಗಯ್ಯನ ಹೆಸರನ್ನು ಕಚೇರಿ ಗೋಡೆಯ ಮಹಾದಾನಿಗಳ ಹಲಗೆಯಲ್ಲಿ ಬರೆಸಿದರು. ಅವನು ಹೋಗಿ ನೋಡಲಿಲ್ಲ, ಸೋರುವ ಸೂರಿಗೆ ಹುಲ್ಲು ಹೊದಿಸೋದಿತ್ತು. ಬೆಳ್ಳಿ ಹಾಡಿಗೆಲ್ಲ ಎತ್ತರದ ಹೆಂಗಸಾಗಿ ಬೆಳೆದು, ಅದೇ ಶಾಲೆಯ ಒಲೆ ಮುಂದೆ ಅಜ್ಜಿಯ ಸೌಟು ಹಿಡಿದಳು. ಕೆಂಚಿ ತೀರಿಕೊಂಡ ದಿನ, ನೆರೆಯವರಿಂದ ಇಸ್ಕೊಂಡಿದ್ದ ಬೋಸಿಯೊಂದು ಅವಳ ಜೋಪಡಿಯಲ್ಲಿತ್ತು. ಅದರ ತುಂಬ ಹುರುಳಿ ಇತ್ತು.

ಫಾದರ್ ಚೌರಪ್ಪನವರಿಗೆ ಕೃಷ್ಣರಾಜನಗರದ ಕಡೆಗೆ ವರ್ಗವಾಯಿತು. ಹೊರಡುವಾಗ ಹಾಡಿಯವರು ಒಂದು ಬಾಟಲಿ ಜೇನು ಕೊಟ್ಟರು. “ಹೋದ ತಕ್ಷಣ ಕಾಗದ ಬರೀತೀನಿ,” ಅಂದರು. ಕಾಗದ ಇವತ್ತಿಗೂ ಬಂದಿಲ್ಲ. ಬಾಟಲಿ ಮಾತ್ರ ಹದಿನೈದೇ ದಿನಕ್ಕೆ ವಾಪಸ್ ಬಂತು, ಆ ಸೀಮೆಯ ಆಲೆಮನೆಯ ಬೆಲ್ಲದ ಪುಡಿ ಬಿರಡೆಮಟ್ಟ ತುಂಬಿಕೊಂಡು.